ಉಳಿಯ ಸದ್ದು ಕೇಳದಷ್ಟು ದೂರ

ಹೋದ ತಿಂಗಳು ನಮ್ಮ ಮನೆಯ ಮಿಕ್ಸಿ ಕೆಟ್ಟಿತು. ಜಾರಿನ ತಳದಲ್ಲಿ ನೀರು ಜಿನುಗುತ್ತಿತ್ತು. ಬ್ಲೇಡು ಮೊಂಡಾಗಿತ್ತು, ಕಾಯಿತುರಿ ಹಾಕಿದರೆ ಅರೆಯುವ ಬದಲು ಸುತ್ತ ಎರಚಿ ಜಾರಿನ ಗೋಡೆಗೆ ಅಂಟಿಸಿಬಿಡುತ್ತಿತ್ತು. ರಿಪೇರಿ ಮಾಡುವವನು ನಮ್ಮ ಊರಿನವನೇ. ಮನೆಗೇ ಬಂದು ಬ್ಲೇಡಿಗೆ ಅರ ಹಾಕಿ, ವಾಷರ್ ಬದಲಿಸಿ ಕೊಡುತ್ತೇನೆ ಎಂದ. ನಾನು ಬೇಡ ಎಂದೆ. ಜಾರನ್ನು ಟವೆಲಿನಲ್ಲಿ ಸುತ್ತಿ, ಬಸ್ಸು ಹತ್ತಿ, ಕುಶಾಲನಗರದ ಅಂಗಡಿಯೊಂದಕ್ಕೆ ತೆಗೆದುಕೊಂಡು ಹೋದೆ.

"ಇಷ್ಟಕ್ಕೆ ಅಲ್ಲಿಂದ ಇಲ್ಲಿಗೆ ಬಂದ್ರಾ ಸಾರ್?" ಎಂದು ಅಂಗಡಿಯವನು ಕೇಳಿದ.

"ಮನೇಲಿ ಸೊಸೆ ಬಸುರಿ" ಎಂದೆ.

ಅವನು ತಲೆಯಾಡಿಸಿ ಅರ ಎತ್ತಿಕೊಂಡ. ಅವನಿಗೆ ಆ ಉತ್ತರ ಸಾಕಾಯಿತು. ನನಗೆ ಸಾಕಾಗಲಿಲ್ಲ. ಇಂಥ ಮಾತುಗಳ ಮೇಲೆ ಜೀವಮಾನವಿಡೀ ಜಗಳ ಆಡಿದವನು ನಾನು. ಬಸ್ಸಿನಲ್ಲಿ ಜಾರನ್ನು ತೊಡೆಯ ಮೇಲೆ ಇಟ್ಟುಕೊಂಡು ವಾಪಸು ಬರುವಾಗ, ನನ್ನ ಬಾಯಿಂದ ಆ ಮಾತು ಬರಲು ಕಾರಣವಾದ ಒರಳುಕಲ್ಲನ್ನೂ ನನ್ನ ಅವ್ವನನ್ನೂ ನೆನಪಿಸಿಕೊಳ್ಳಲು ಯತ್ನಿಸಿದೆ. ಸಿಕ್ಕಿದ್ದನ್ನು ಬರೆದಿಡುತ್ತಿದ್ದೇನೆ. ಎಷ್ಟು ನಿಜ, ಎಷ್ಟು ನಾನು ಆಮೇಲೆ ತುಂಬಿಕೊಂಡದ್ದು ಎಂದು ಖಂಡಿತವಾಗಿ ಹೇಳಲಾರೆ. ನನ್ನ ಹೆಂಡತಿ ಈಗಲೂ ಇದ್ದಾಳೆ. ಕೆಲವು ಕಡೆ ಅವಳ ನೆನಪು ಬೇರೆ ಹೇಳುತ್ತದೆ. ಅಂಥ ಕಡೆ ಎರಡನ್ನೂ ಹೇಳುತ್ತೇನೆ.

ಕೊಡಗು ಆಗ ಇಂಗ್ಲಿಷರ ಕೈಯಲ್ಲಿತ್ತು. ಕುಶಾಲನಗರಕ್ಕೆ ಸರ್ಕಾರದ ಕಾಗದಗಳಲ್ಲಿ ಒಬ್ಬ ದೊರೆಯ ಹೆಸರಿತ್ತು, ಜನರ ಬಾಯಲ್ಲಿ ಮಾತ್ರ ಕುಶಾಲನಗರವೇ. ಅಲ್ಲಿಂದ ಕಾವೇರಿಯ ದಂಡೆ ಹಿಡಿದು ದುಬಾರೆಯ ಕಡೆಗೆ ನಡೆದರೆ ನಡುವೆ ಸಿಗುವ ಊರು ನಮ್ಮದು. ನಾನು ಮದ್ರಾಸಿನಲ್ಲಿ ತತ್ತ್ವಶಾಸ್ತ್ರ ಓದಿ ಬಿ.ಎ. ಮುಗಿಸಿ ಬಂದಿದ್ದೆ. ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ಎಂಟು ತಿಂಗಳು ಕೂತು, ಎಸ್ಟೇಟಿನ ದೊರೆಯ ಜೊತೆ ಮಾತಿಗೆ ಮಾತು ಬೆಳೆಸಿ ಬಿಟ್ಟು ಬಂದಿದ್ದೆ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವ್ವ, ನಾನು, ಮದುವೆಯಾಗಿ ವರ್ಷ ತುಂಬದ ನನ್ನ ಹೆಂಡತಿ. ಮೂರೇ ಜನ. ನಾಲ್ಕನೆಯದು ಹೆಂಡತಿಯ ಹೊಟ್ಟೆಯಲ್ಲಿತ್ತು, ಐದು ತಿಂಗಳು.

ಒರಳು ಅಡುಗೆಮನೆಯ ಹಿಂಬಾಗಿಲ ಪಕ್ಕದಲ್ಲಿ, ಅರ್ಧ ನೆಲದಲ್ಲಿ ಹೂತು ಕೂತಿತ್ತು. ಅದರ ಕುಳಿಯಲ್ಲಿ ತಿರುಗುವ ಗುಂಡು ಒಂದು ವರ್ಷದ ಮಗುವಿನಷ್ಟು ಭಾರ. ದಿನವೂ ಸಾರಿನ ಖಾರ, ಕಾಯಿ. ವಾರಕ್ಕೆರಡು ಸಲ ದೋಸೆಗೆ ಅಕ್ಕಿ, ಉದ್ದು. ಆ ಕಲ್ಲಿನ ವಿಷಯದಲ್ಲಿ ಅವ್ವನಿಗೆ ಇದ್ದ ಶಿಸ್ತು ಮದ್ರಾಸಿನ ನಮ್ಮ ಕಾಲೇಜಿನ ವಿಜ್ಞಾನದವರ ಪ್ರಯೋಗಶಾಲೆಯಲ್ಲೂ ಇರಲಿಲ್ಲ. ಅರೆದು ಬಾಚಿದ ಮೇಲೆ ಒಂದು ಚೊಂಬು ನೀರು ಹಾಕಿ ಗುಂಡನ್ನು ಎರಡು ಸುತ್ತು ಸುತ್ತಬೇಕು. ಆ ನೀರು ಸಾರಿಗೆ. ಎರಡನೆಯ ನೀರು ದನಗಳ ಕಲಗಚ್ಚಿಗೆ. ಆಮೇಲೆ ತೆಂಗಿನ ನಾರಿನಿಂದ ಕುಳಿಯನ್ನು ತಿಕ್ಕಿ ತೊಳೆದ ನೀರು ಹಿತ್ತಲ ಕರಿಬೇವಿನ ಬುಡಕ್ಕೆ. ಗುಂಡನ್ನು ಎತ್ತಿ, ಮುಖ ಮೇಲೆ ಮಾಡಿ ಗೋಡೆಗೆ ಒರಗಿಸಿ ಒಣಗಿಸಬೇಕು. ಕುಳಿಯ ಮೇಲೆ ಹಳೆಯ ಮೊರ ಬೋರಲು ಹಾಕಬೇಕು. ಇಷ್ಟಾದ ಮೇಲೆ ಅವ್ವ ಬಗ್ಗಿ ಕುಳಿಗೆ ಮೂಗು ಇಡುತ್ತಿದ್ದಳು. ಬೆಳ್ಳುಳ್ಳಿ ವಾಸನೆ ಉಳಿದಿದ್ದರೆ ಮತ್ತೊಂದು ಚೊಂಬು ನೀರು. ಏನೂ ಹಾಕದೆ ಬರಿಯ ಗುಂಡು ತಿರುಗಿಸಿದರೆ ಅವಳಿಗೆ ಸಿಟ್ಟು ಬರುತ್ತಿತ್ತು. ಕಲ್ಲು ಕಲ್ಲನ್ನೇ ತಿಂದುಕೊಳ್ಳುತ್ತದೆ ಎನ್ನುತ್ತಿದ್ದಳು.

ಎಷ್ಟು ಜೋಪಾನ ಮಾಡಿದರೂ ಕಲ್ಲು ಸವೆಯುತ್ತದೆ. ವರ್ಷಕ್ಕೊಮ್ಮೆ ಉಳಿಯಿಂದ ಅದರ ಮೈಯಲ್ಲಿ ಸಣ್ಣ ಸಣ್ಣ ಗುಳಿ ಹೊಡೆಸಿ ಮತ್ತೆ ಒರಟು ಮಾಡಿಸಬೇಕು. ಇದಕ್ಕೆ ಕಲ್ಲು ಕುಟ್ಟಿಸುವುದು ಎನ್ನುತ್ತಿದ್ದರು. ಮಳೆ ಬಿಟ್ಟು ಹೊಳೆ ಇಳಿದ ಮೇಲೆ ಮೈಸೂರು ಸೀಮೆಯಿಂದ ಒಬ್ಬ ಹೆಂಗಸು ದಾಟಿ ಬಂದು ಊರೂರು ತಿರುಗಿ ಈ ಕೆಲಸ ಮಾಡಿ ಹೋಗುತ್ತಿದ್ದಳು. ಹಿಂದಿನ ವರ್ಷ ಅವಳು ಬಂದಿರಲಿಲ್ಲ. ಹಾಗಾಗಿ ನನ್ನ ಹೆಂಡತಿ ಮನೆಗೆ ಬರುವ ಹೊತ್ತಿಗೆ ಒರಳು ತಟ್ಟೆಯ ಹಾಗೆ ನುಣ್ಣಗಾಗಿತ್ತು. ಮೆಣಸಿನಕಾಯಿಯ ಸಿಪ್ಪೆ ಸಿಪ್ಪೆಯಾಗಿಯೇ ಉಳಿಯುತ್ತಿತ್ತು. ಉದ್ದು ಗುಂಡಿನ ಕೆಳಗೆ ಸಿಕ್ಕದೆ ಜಾರುತ್ತಿತ್ತು. ಅರ್ಧ ಗಂಟೆಯ ಕೆಲಸಕ್ಕೆ ಒಂದೂವರೆ ಗಂಟೆ. ಅವ್ವ ಗದ್ದೆಯ ಬದುವಿನಲ್ಲಿ ಬಿದ್ದು ಬಲಭುಜ ಉಳುಕಿಸಿಕೊಂಡಿದ್ದಳು, ಗುಂಡು ತಿರುಗಿಸಲು ಆಗುತ್ತಿರಲಿಲ್ಲ. ನಾನು ಎರಡು ಸಲ ಕೂತು ನೋಡಿದೆ. ಗಂಡಸು ಒರಳ ಮುಂದೆ ಕೂತರೆ ನೋಡಿದವರು ನಗುತ್ತಾರೆ ಎಂದು ಇಬ್ಬರೂ ಎಬ್ಬಿಸಿದರು. ನಾನು ತಟ್ಟನೆ ಎದ್ದೆ, ಅಷ್ಟೇನೂ ಒತ್ತಾಯ ಬೇಕಾಗಲಿಲ್ಲ. ಇದನ್ನೂ ಬರೆಯಬೇಕು.

ಹೆಂಡತಿ ಬಳೆಗಳನ್ನು ಮೊಣಕೈವರೆಗೆ ಸರಿಸಿ ಮಣಿಕಟ್ಟಿಗೆ ಬಿಸಿ ಹರಳೆಣ್ಣೆ ತಿಕ್ಕಿಕೊಳ್ಳುವುದನ್ನು ಒಂದು ದಿನ ನೋಡಿದೆ. ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವ, ಕಲ್ಲು ಪೂರಾ ಸವೆದದೆ. ಆ ಹೆಂಗ್ಸು ಈ ಸಲ ಬಂದ್ರೆ ಕುಟ್ಟಿಸನ."

"ಹೆರಿಗೆ ಆಗ್ಲಿ."

"ಅದಕ್ಕಿನ್ನೂ ನಾಕು ತಿಂಗ್ಳದೆ."

"ನಾಕು ತಿಂಗ್ಳು ಅರೆದ್ರೆ ಯಾರೂ ಸಾಯಲ್ಲ. ಬಸುರಿ ಇರೋ ಮನೇಲಿ ಕಲ್ಲಿಗೆ ಉಳಿ ಮುಟ್ಟಿಸ್ಬಾರ್ದು. ಆ ಸದ್ದು ಅವಳ ಕಿವಿಗೆ ಬೀಳ್ಬಾರ್ದು."

"ಪೆಟ್ಟು ಬೀಳೋದು ಕಲ್ಲಿಗೆ. ಹೊಟ್ಟೇಲಿರೋ ಕೂಸಿಗೂ ಅದಕ್ಕೂ ಏನು ಸಂಬಂಧ ಹೇಳು."

"ಮದ್ರಾಸಲ್ಲಿ ಅದನ್ನ ಹೇಳ್ಕೊಡ್ಲಿಲ್ವಾ? ಅಷ್ಟು ವರ್ಷ ಅಲ್ಲಿ ಕೂತಿದ್ದು ಯಾಕೆ ಮತ್ತೆ."

ನಾನು ಕಾರ್ಯಕಾರಣ ಸಂಬಂಧದ ಬಗ್ಗೆ ವಿವರಿಸತೊಡಗಿದೆ. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಾಗುವುದಿಲ್ಲ ಎಂದು, ಕೋಳಿ ಕೂಗುವುದನ್ನೂ ಬೆಳಗಾಗುವುದನ್ನೂ ಉದಾಹರಣೆ ಕೊಟ್ಟು ಹೇಳಿದೆ. ಅವ್ವ ಕೊನೆಯವರೆಗೂ ಕೇಳಿದಳು. "ಮುಗೀತಾ? ಆ ಬುಟ್ಟಿ ಇತ್ತ ತಳ್ಳು" ಎಂದಳು.

ಇದಾದ ಮೂರು ನಾಲ್ಕು ದಿನಕ್ಕೆ ನಾನು ಆ ಕೆಲಸ ಮಾಡಿದೆ. ಅವ್ವ ಕಳೆ ಕೀಳಲು ಗದ್ದೆಗೆ ಇಳಿದಿದ್ದಳು. ಹೆಂಡತಿ ನೀರಿಗೆಂದು ಹೊಳೆಯ ಕಡೆಗೆ ಹೋಗುವುದಾಗಿ ಹೇಳಿ ಹಿಂಬಾಗಿಲಿಂದ ಹೊರಟಿದ್ದಳು. ಅಟ್ಟದ ಮೇಲಿದ್ದ ಅಪ್ಪನ ಕಾಲದ ಪೆಟ್ಟಿಗೆಯಿಂದ ಒಂದು ಉಳಿ, ಸುತ್ತಿಗೆ ತೆಗೆದುಕೊಂಡು ಒರಳ ಮುಂದೆ ಕೂತೆ. ಕಲ್ಲು ಒರಟಾಗಬೇಕು, ಅಷ್ಟೇ ತಾನೆ. ಅವ್ವ ಬರುವ ಹೊತ್ತಿಗೆ ಮುಗಿಸಿ, ಹೆರಿಗೆಯಾದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಒಳ್ಳೆಯ ಖುಷಿಯಲ್ಲೇ ಶುರುಮಾಡಿದೆ ಎಂಬುದು ನೆನಪಿದೆ. ಕಲ್ಲಿನ ಪುಡಿ ಮುಖಕ್ಕೆ ಸಿಡಿಯುತ್ತಿತ್ತು. ಆದರೆ ಆ ಉಳಿ ಮರದ ಕೆಲಸದ್ದೋ ಕಲ್ಲಿನದೋ ನನಗೆ ತಿಳಿದಿರಲಿಲ್ಲ. ಪೆಟ್ಟು ಎಷ್ಟು ಹಗುರ ಬೀಳಬೇಕು ಎಂಬುದೂ ತಿಳಿದಿರಲಿಲ್ಲ. ಗುಳಿಗಳ ಬದಲು ಉದ್ದುದ್ದ ಗೀರುಗಳು ಬಿದ್ದವು. ಕುಳಿಯ ಅಂಚಿನಿಂದ ಉಗುರಿನಷ್ಟು ಚಕ್ಕೆಯೊಂದು ಹಾರಿತು.

ತಲೆ ಎತ್ತಿದರೆ ಬಾಗಿಲಲ್ಲಿ ಅವ್ವ. ಮೊಣಕಾಲವರೆಗೆ ಕೆಸರು, ಕೈಯಲ್ಲಿ ಕಿತ್ತ ಕಳೆಯ ಹಿಡಿ ಹಾಗೆಯೇ ಇತ್ತು. ಗದ್ದೆಯಿಂದ ಓಡಿ ಬಂದಿದ್ದಳು. ಬೈಯಲಿಲ್ಲ. ಏದುಸಿರಿನ ನಡುವೆ, "ನಿಲ್ಲಿಸು ಮಗ" ಎಂದಳು. ನಾನು ಆಗಲೇ ನಿಲ್ಲಿಸಿದ್ದೆ.

ಹೆಂಡತಿ ಹಿಂಬಾಗಿಲಿಂದ ಒಳಗೆ ಬಂದಳು.

"ಎಲ್ಲಿದ್ದೆ ಕೂಸೆ?" ಅವ್ವ ಕೇಳಿದಳು.

"ಹೊಳೆ ಹತ್ರ, ಅತ್ತೆ."

"ಏನಾದ್ರೂ ಕೇಳ್ತಾ ನಿಂಗೆ?"

"ಇಲ್ವಲ್ಲ. ಯಾಕತ್ತೆ?"

ಅವ್ವ ಅಡುಗೆಮನೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿದಳು. ಆಮೇಲೆ ಅವಳ ಉಸಿರು ಸ್ವಲ್ಪ ತಹಬಂದಿಗೆ ಬಂತು. "ಏನಿಲ್ಲ. ಹೋಗಿ ಕೂತ್ಕ" ಎಂದಳು.

ಕೈಕಾಲು ತೊಳೆಯಲು ಬಚ್ಚಲಿನ ಹತ್ತಿರ ಹೋದವಳ ಹಿಂದೆ ನಾನು ಹೋದೆ. ಚೊಂಬಿನಿಂದ ಕಾಲಿಗೆ ನೀರು ಸುರಿದುಕೊಳ್ಳುತ್ತಾ, ನನ್ನ ಕಡೆ ನೋಡದೆ ಹೇಳಿದಳು.

"ನಿನಗಿಂತ ಮುಂಚೆ ಹೊಟ್ಟೇಲಿ ಒಂದಿತ್ತು. ಏಳು ತಿಂಗ್ಳು. ಇದೇ ಕಲ್ಲು, ಇದೇ ಥರ ಸವೆದಿತ್ತು. ನಿಮ್ಮಪ್ಪ ಬೇಡ ಅಂದ್ರು. ಕೈ ನೋಯ್ತದೆ ಅಂತ ನಾನೇ ಕರೆಸಿ ಕುಟ್ಟಿಸ್ದೆ. ಎದುರಿಗೇ ಕೂತು ನೋಡ್ತಿದ್ದೆ. ಹದಿನೈದು ದಿನಕ್ಕೆ ಹೋಯ್ತು."

ನನಗೆ ಒಬ್ಬ ಅಣ್ಣನೋ ಅಕ್ಕನೋ ಇರಬೇಕಾಗಿತ್ತು ಎಂದು ಗೊತ್ತಾದದ್ದು ಅವತ್ತೇ. ಆಗ ನಾನು ಏನೂ ಮಾತಾಡಲಿಲ್ಲ ಎಂಬುದು ನನ್ನ ನೆನಪು. ಹೆಂಡತಿ ಹೇಳುವುದು ಬೇರೆ. ಅವಳು ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡಳಂತೆ. ನಾನು ಮತ್ತೆ ಅದೇ ಕಾರ್ಯಕಾರಣದ ಮಾತು ಎತ್ತಿದೆನಂತೆ, ಅವ್ವ ಚೊಂಬು ಕೆಳಗಿಟ್ಟು ಒಳಗೆ ಬಂದಳಂತೆ. ಹಾಗೆ ಮಾಡಿರಲಿಕ್ಕಿಲ್ಲ ಎಂದು ಅನ್ನಿಸುತ್ತದೆ. ಆದರೆ ಆ ವಯಸ್ಸಿನ ನನ್ನನ್ನು ಬಲ್ಲೆ, ಮಾಡಿಯೂ ಇರಬಹುದು.

ಮಾರನೆಯ ದಿನ ಚಟ್ನಿಯಲ್ಲಿ ಕಲ್ಲು ಸಿಕ್ಕಿತು. ಮೊದಲು ನನ್ನ ಹಲ್ಲಿಗೆ, ಆಮೇಲೆ ಹೆಂಡತಿಯ ಹಲ್ಲಿಗೆ. ಎಷ್ಟು ತೊಳೆದರೂ ನನ್ನ ಗೀರುಗಳಿಂದ ಪುಡಿ ಉದುರುತ್ತಲೇ ಇತ್ತು. ಮೊದಲು ನುಣ್ಣಗಿದ್ದ ಕಲ್ಲಿನಲ್ಲಿ ಕಷ್ಟಪಟ್ಟಾದರೂ ಅರೆಯಬಹುದಿತ್ತು. ಈಗ ಅರೆದದ್ದನ್ನು ತಿನ್ನುವ ಹಾಗೇ ಇರಲಿಲ್ಲ. ಹೆಂಡತಿ ನೆನೆದ ಅಕ್ಕಿಯ ಪಾತ್ರೆ ಎತ್ತಿಕೊಂಡು ದಿಬ್ಬ ಹತ್ತಿ, ಮೇಲಿನ ಮನೆಯವರ ಒರಳಿಗೆ ಹೋಗಿ ಬರತೊಡಗಿದಳು. ಅವಳಿಗೆ ಉಪಕಾರ ಮಾಡಲು ಹೋಗಿ ನಾನು ತಂದದ್ದು ಇದು. ಅವಳು ದಿಬ್ಬ ಇಳಿಯುವಾಗ ಒಂದು ಕೈ ಪಾತ್ರೆಯ ಮೇಲೆ, ಇನ್ನೊಂದು ಕೈ ಹೊಟ್ಟೆಯ ಮೇಲೆ ಇರುತ್ತಿತ್ತು. ಅವ್ವ ಜಗಲಿಯಲ್ಲಿ ನಿಂತು, ಅವಳು ಕೊನೆಯ ಮೆಟ್ಟಿಲು ಇಳಿಯುವವರೆಗೂ ನೋಡುತ್ತಿದ್ದಳು.

ಆ ವಾರ ಕಳೆಯುವುದರೊಳಗೆ ಕಲ್ಲು ಕುಟ್ಟುವ ಹೆಂಗಸು ಬಂದಳು. ಹೆಗಲಿಗೆ ಉಳಿಗಳ ಗೋಣಿಚೀಲ, ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿದ ಕೂಸು. ಅವಳು ಒರಳಿನ ಮೇಲಿನ ಮೊರ ಎತ್ತಿ ನೋಡಿದಳು.

"ಇದ್ಯಾರವ್ವಾ, ಕೋಳಿ ಕೆದರಿದಂಗೆ ಕೆದರಿರಾದು?"

"ಹೆಗ್ಗಣ" ಎಂದಳು ಅವ್ವ. "ಬಿ.ಎ. ಓದಿರೋ ಹೆಗ್ಗಣ."

ಆ ಹೆಂಗಸು ನನ್ನ ಕಡೆ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಮಾತು ಬದಲಿಸಲು, ಹೋದ ವರ್ಷ ಯಾಕೆ ಬರಲಿಲ್ಲ ಎಂದು ಕೇಳಿದೆ. ಬಸುರಿ ಇದ್ದೆ ಸಾಮಿ, ಹೊಳೆ ದಾಟಕ್ಕೆ ಬಿಡಲಿಲ್ಲ, ಆ ಕಡೆ ಊರುಗಳಲ್ಲೇ ಕುಟ್ಟಿಕೊಂಡಿದ್ದೆ ಎಂದಳು.

"ಬಸುರಿ ಇದ್ದಾಗ್ಲೂ ಕಲ್ಲು ಕುಟ್ಟಿದ್ಯಾ?"

"ಕುಟ್ಟದೆ ಹೊಟ್ಟೆಗೇನು ತಿನ್ನಾದು? ಹೆರೋ ಹಿಂದ್ಲ ದಿನಾನೂ ಕುಟ್ಟಿದೀನಿ."

ಅವಳ ಬೆನ್ನಿನ ಮೇಲೆ ದುಂಡು ಕೆನ್ನೆಯ ಕೂಸು ಬೆರಳು ಚೀಪುತ್ತಾ ನನ್ನನ್ನೇ ನೋಡುತ್ತಿತ್ತು. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾವ ಪುಸ್ತಕದಲ್ಲಿ ಸಿಗಬೇಕು.

"ನೋಡು ಅವ್ವ" ಎಂದೆ.

"ನೋಡ್ದೆ" ಎಂದಳು ಅವ್ವ. "ನನ್ನದು ಎಲ್ಲಿ ಅಂತ ತೋರ್ಸು ಮತ್ತೆ."

 

ಅವ್ವ ಸ್ವಲ್ಪ ಹೊತ್ತು ಒರಳಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅದರ ಅಂಚಿನ ಮೇಲೆ ಕೈ ಆಡಿಸಿದಳು. ಕಿತ್ತು ಹೊರಗೆ ಒಯ್ಯಬಹುದೇ ಎಂದು ಕೇಳಿದಳು. ಕಿತ್ತರೆ ಒಡೆಯುತ್ತದೆ ಎಂದಳು ಆ ಹೆಂಗಸು. ಆಗ ಅವ್ವ ಎದ್ದು ಒಳಗೆ ಹೋಗಿ, ಬೆಳಗಿನ ಅಕ್ಕಿರೊಟ್ಟಿ ನಾಲ್ಕನ್ನು ಬಾಳೆಲೆಯಲ್ಲಿ ಕಟ್ಟಿ ತಂದು ನನ್ನ ಕೈಗಿಟ್ಟಳು.

"ನಿನ್ನ ಹೆಂಡ್ತೀನ ಕರ್ಕೊಂಡು ಹೋಗು. ಉಳಿ ಸದ್ದು ಕೇಳದಷ್ಟು ದೂರ. ಬಿಸಿಲು ಇಳಿಯೋವರೆಗೂ ಬರ್ಬೇಡಿ."

"ಕೇಳದಷ್ಟು ಅಂದ್ರೆ ಎಷ್ಟು ದೂರ?"

"ಅದನ್ನ ಅವಳ ಕಿವಿ ಹೇಳ್ತದೆ. ನಿನ್ನ ಕಿವಿ ಬ್ಯಾಡ."

ನಾವಿಬ್ಬರೂ ಹೊರಟೆವು. ಮದುವೆಯಾದ ಮೇಲೆ ನಾವು ಜೊತೆಯಾಗಿ ಎಲ್ಲಿಗೂ ಹೋದದ್ದಿರಲಿಲ್ಲ. ಅವಳ ತವರಿಗೆ ಹೋಗುವಾಗ ಅವ್ವ ಇರುತ್ತಿದ್ದಳು, ಸಂತೆಗೆ ನಾನೊಬ್ಬನೇ. ಗಂಡ ಹೆಂಡತಿ ಕೆಲಸವಿಲ್ಲದೆ ದಾರಿಯಲ್ಲಿ ನಡೆದು ಹೋಗುವುದು ಆಗಿನ ನಮ್ಮ ಊರಿನಲ್ಲಿ ಇರಲಿಲ್ಲ. ನಾನು ಹತ್ತು ಮಾರು ಮುಂದೆ, ಅವಳು ಹಿಂದೆ. ಬೆನ್ನ ಹಿಂದಿನಿಂದ ಟಿಕ್ ಟಿಕ್ ಎಂದು ಉಳಿಯ ಸದ್ದು ಶುರುವಾಯಿತು. ನನ್ನ ಪೆಟ್ಟಿನಂತಲ್ಲ, ಸಣ್ಣಗೆ, ಒಂದೇ ಸಮನೆ. ಅವಳು ಸೆರಗಿನಿಂದ ಕಿವಿ ಮುಚ್ಚಿಕೊಂಡು ಬಿರಬಿರನೆ ನಡೆದು ನನ್ನ ಪಕ್ಕಕ್ಕೆ ಬಂದಳು.

ಗದ್ದೆ ಬಯಲು ದಾಟಿದ ಮೇಲೆ ನಿಂತೆ. ನನಗೇನೂ ಕೇಳುತ್ತಿರಲಿಲ್ಲ.

"ಈಗ?"

ಅವಳು ಸೆರಗು ಸರಿಸಿ ಆಲಿಸಿದಳು. "ಕೇಳ್ತದೆ."

ಹೊಳೆಯ ದಂಡೆಗೆ ಬಂದು, ದುಬಾರೆಯ ಕಡೆಗೆ ತಿರುಗಿದೆವು. ಹೊಂಗೆ ಮರಗಳ ಸಾಲಿನ ಹತ್ತಿರ ಮತ್ತೆ ಕೇಳಿದೆ. "ಇನ್ನೂ ಕೇಳ್ತದೆ" ಎಂದಳು. ಗಾಳಿ ಮನೆಯ ಕಡೆಗೆ ಬೀಸುತ್ತಿದೆ, ಸದ್ದು ಈ ಕಡೆ ಬರಲು ಸಾಧ್ಯವೇ ಇಲ್ಲ ಎಂದು ನಾನು ಹುಲ್ಲಿನ ಎಸಳು ಹಾರಿಬಿಟ್ಟು ತೋರಿಸಿದೆ. ಅವಳು ಎಸಳು ಹೋದ ದಿಕ್ಕನ್ನು ನೋಡಿ, "ಇರ್ಬೋದು. ಆದ್ರೂ ಕೇಳ್ತದೆ" ಎಂದಳು. ಬಿದಿರ ಮೆಳೆಗಳ ಹತ್ತಿರ ನಿಜಕ್ಕೂ ಟಿಕ್ ಟಿಕ್ ಎಂದು ಕೇಳಿಸಿತು. ನಾನು ಹುಡುಕಿ, ಒಣಗಿದ ಕೊಂಬೆಯೊಂದರ ಮೇಲೆ ಕೂತಿದ್ದ ಮರಕುಟಿಗನನ್ನು ತೋರಿಸಿದೆ.

"ನೋಡು, ಅದು ಹಕ್ಕಿ."

"ಹಕ್ಕಿನೋ ಉಳಿನೋ, ಹೊಟ್ಟೇಲಿರೋದಕ್ಕೆ ಹೆಂಗೆ ಗೊತ್ತಾಗ್ಬೇಕು? ನಡೀರಿ."

ಹೀಗೆ ಒಂದು ಮರಕುಟಿಗನಿಗೆ ಹೆದರಿ ನಾವು ಇನ್ನೂ ಅರ್ಧ ಮೈಲಿ ನಡೆದೆವು. ಆ ಹೊತ್ತಿಗೆ ಹಿಂದೆ ಮುಂದೆ ನಡೆಯುವುದು ನಿಂತುಹೋಗಿತ್ತು. ದಾರಿ ಕಿರಿದಾದಲ್ಲಿ ನಾನು ಮುಳ್ಳಿನ ಕೊಂಬೆ ಹಿಡಿದುಕೊಂಡು ಅವಳಿಗೆ ದಾರಿ ಬಿಡುತ್ತಿದ್ದೆ. ಅವಳು ತನ್ನ ಊರಿನ ಮಾತು ಹೇಳುತ್ತಿದ್ದಳು; ಒಂದು ವರ್ಷದಲ್ಲಿ ಆಡದಷ್ಟು ಮಾತು. ಏನು ಹೇಳಿದಳು ಎಂಬುದು ಒಂದಿಷ್ಟೂ ನೆನಪಿಲ್ಲ. ಆಗ ಗಮನವಿಟ್ಟು ಕೇಳಿರಬೇಕು, ಯಾಕೆಂದರೆ ಸುಮ್ಮನಿದ್ದೆ.

ದುಬಾರೆಯ ಎದುರಿನ ದಂಡೆಯಲ್ಲಿ ಒಂದು ದೊಡ್ಡ ಬಂಡೆಯಿತ್ತು. ಆಚೆ ದಡದಲ್ಲಿ ಮರ ಎಳೆಯುವ ಸರ್ಕಾರದ ಆನೆಗಳಿಗೆ ನೀರು ಹಾಕಿ ತಿಕ್ಕುತ್ತಿದ್ದರು. ಆನೆಯೊಂದು ಕಾಲೆತ್ತಿ ಇಟ್ಟಾಗಲೆಲ್ಲ ಸರಪಳಿ ಕಲ್ಲಿನ ಮೇಲೆ ಜಣಜಣ ಎನ್ನುತ್ತಿತ್ತು. ಉಳಿಗಿಂತ ಹತ್ತು ಪಾಲು ಹೆಚ್ಚು ಸದ್ದು. ಅವಳು ಬಂಡೆಯ ಮೇಲೆ ಕೂತು, "ಇಲ್ಲಿ ಕೇಳಲ್ಲ" ಎಂದಳು.

ರೊಟ್ಟಿ ಬಿಚ್ಚಿದೆವು. ಅರ್ಧ ರೊಟ್ಟಿ ತಿಂದ ಮೇಲೆ ಅವಳು ಹೇಳಿದಳು.

"ಒಂದು ನಿಜ ಹೇಳ್ಲಾ? ಅವತ್ತು ನಾನು ಹೊಳೆಗೆ ಹೋಗಿರ್ಲಿಲ್ಲ. ಕೊಟ್ಟಿಗೆ ಹಿಂದೆ ನಿಂತಿದ್ದೆ."

"ಮೊದಲಿಂದ್ಲೂ?"

"ಮೊದ್ಲ ಪೆಟ್ಟಿಂದ. ಹೊರಡೋವಾಗ್ಲೇ ನೀವು ಅಟ್ಟ ಹತ್ತಿ ಉಳಿ ತಗೊಳ್ಳೋದು ನೋಡ್ದೆ. ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ. ನನ್ನ ಕೈಯೂ ನೋಯ್ತಿತ್ತಲ್ಲ, ಬೇಗ ಮುಗಿಸ್ಲಿ ಅಂತ ನಿಂತೆ."

"ಹೆದರಿಕೆ ಆಗ್ಲಿಲ್ವಾ?"

"ಆಯ್ತು. ಅತ್ತೆ ಓಡ್ಬಂದಿದ್ದು ನೋಡಿದ್ಮೇಲೆ ಬಾಳ ಆಯ್ತು. ಬಚ್ಚಲ ಹತ್ರ ಅವರು ಹೇಳಿದ್ದೂ ಕೇಳಿಸ್ತು. ಅವರಿಗೆ ಹೇಳ್ಬ್ಯಾಡಿ. ಗೊತ್ತಾದ್ರೆ ಅನ್ನ ಬಿಡ್ತಾರೆ."

ಹೇಳುವುದಿಲ್ಲ ಎಂದೆ. ಆಮೇಲೆ ಕೇಳಿದೆ, ಇವತ್ತಿನ ಸದ್ದು ನಿಜವಾಗಿ ಎಲ್ಲಿಯವರೆಗೆ ಕೇಳಿಸಿತು ಎಂದು. ಅವಳು ಆನೆಗಳನ್ನು ನೋಡುತ್ತಾ, "ನಮ್ಮ ಗದ್ದೆ ದಾಟೋವರೆಗೆ" ಎಂದಳು.

"ಮತ್ತೆ ಇಷ್ಟು ದೂರ?"

"ನಾಳೆ ಸುಮ್ನೆ ಕರ್ದ್ರೆ ಬತ್ತೀರಾ ನೀವು?"

ಕೇಳಿದ್ದನ್ನು ಕೇಳಿಲ್ಲ ಎಂದಿದ್ದಳು, ಕೇಳದ್ದನ್ನು ಕೇಳುತ್ತದೆ ಎಂದಳು. ಇಷ್ಟು ಅಚ್ಚುಕಟ್ಟಾಗಿ ಬದುಕಿನಲ್ಲಿ ನಡೆಯುವುದಿಲ್ಲ, ನನ್ನ ತಲೆಯೇ ಇದನ್ನು ಹೀಗೆ ಜೋಡಿಸಿಕೊಂಡಿರಬೇಕು ಎಂದು ಎಷ್ಟೋ ಸಲ ಅನುಮಾನ ಬಂದಿದೆ. ಹೆಂಡತಿಯನ್ನು ಕೇಳಿದರೆ, ಕೊಟ್ಟಿಗೆಯ ಹಿಂದೆ ನಿಂತದ್ದು ನಿಜ, ಆದರೆ ಅವತ್ತು ಬಿದಿರ ಮೆಳೆಯವರೆಗೂ ಸದ್ದು ಕೇಳಿಸಿದ್ದೂ ನಿಜ ಎನ್ನುತ್ತಾಳೆ. ಹಾಗೆನ್ನುವಾಗ ನನ್ನ ಮುಖ ನೋಡುವುದಿಲ್ಲ.

ನಾವು ಮನೆಗೆ ಬರುವ ಹೊತ್ತಿಗೆ ಕಲ್ಲು ಕುಟ್ಟುವವಳು 'ಹೋಗಿಬತ್ತೀನಿ' ಎಂದು ಹೇಳಿ ಮುಂದಿನ ಊರಿಗೆ ಹೋಗಿದ್ದಳು. ಅವ್ವ ಒರಳ ಮುಂದೆ ಕೂತಿದ್ದಳು. ಹೊಸದಾಗಿ ಕುಟ್ಟಿಸಿದ ಕಲ್ಲಿನಲ್ಲಿ ಮೊದಲ ಅರೆತವನ್ನು ಯಾರೂ ತಿನ್ನುವಂತಿಲ್ಲ. ಮೊದಲು ತೌಡು ಹಾಕಿ ಅರೆದು ಎಸೆಯಬೇಕು, ಆಮೇಲೆ ಕಲ್ಲುಪ್ಪು ಸೇರಿಸಿದ ನುಚ್ಚು, ಕೊನೆಗೆ ನೆನೆದ ಅಕ್ಕಿ. ಮೂರನ್ನೂ ಅವಳು ಎಡಗೈಯಲ್ಲಿ ಅರೆದಿದ್ದಳು. ಬಲಭುಜವನ್ನು ಸೆರಗಿನಿಂದ ಬಿಗಿಯಾಗಿ ಕಟ್ಟಿಕೊಂಡಿದ್ದಳು. ನಾವು ನೋಡುತ್ತಿರುವಾಗ ಅಕ್ಕಿಹಿಟ್ಟನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಯ ಮೇಲೆ ಇಟ್ಟು, ಮುಂದಿನ ಹಲ್ಲುಗಳ ನಡುವೆ ಮೆಲ್ಲಗೆ ಕಡಿದು ನೋಡಿದಳು. ಉಗಿದಳು. ತೊಳೆದು ಇನ್ನೊಂದು ಹಿಡಿ ಅಕ್ಕಿ ಹಾಕಿದಳು. ಮತ್ತೆ ನಾಲಿಗೆಯ ಮೇಲೆ ಇಟ್ಟಳು. ಈ ಸಲ ನುಂಗಿದಳು.

"ಎಲ್ಲಿವರೆಗೆ ಹೋಗಿದ್ರಿ?"

"ದುಬಾರೆ ಎದುರಿನವರೆಗೆ, ಅತ್ತೆ" ಎಂದಳು ನನ್ನ ಹೆಂಡತಿ.

"ಅಲ್ಲಿವರೆಗೂ ಕೇಳ್ತಾ? ಒಳ್ಳೆ ಕಿವಿ ಕಣೆ ನಿಂದು" ಎಂದು ಅವ್ವ ಒಂದಿಷ್ಟು ಹಿಟ್ಟನ್ನು ಅವಳ ಅಂಗೈಗೆ ಹಾಕಿದಳು. "ನೋಡು, ಹಲ್ಲಿಗೆ ಸಿಗ್ತದಾ ಅಂತ."

"ಇಲ್ಲತ್ತೆ. ಬೆಣ್ಣೆ ಇದ್ದಂಗದೆ."

ಅವತ್ತಿನಿಂದ ಅರ್ಧ ಗಂಟೆಯಲ್ಲಿ ಖಾರ ನುಣ್ಣಗಾಗುತ್ತಿತ್ತು. ಆದರೆ ಅವ್ವ ಬದಲಾದಳು. ಸೋಮವಾರ ಒಪ್ಪತ್ತು ಹಿಡಿದಳು. ಬೆಳಿಗ್ಗೆ ಎದ್ದವಳೇ ಸೊಸೆಯ ಹತ್ತಿರ ಬಂದು, ಬೇರೇನೂ ಮಾತಾಡದೆ, "ಒದೀತಾ?" ಎಂದು ಕೇಳುವಳು. ಒದೀತು ಎಂದ ಮೇಲೆಯೇ ಹೊರಗೆ ಹೋಗಿ ಮುಖ ತೊಳೆಯುವಳು. ಏಳನೆಯ ತಿಂಗಳಿನಲ್ಲಿ ಹದಿನೈದು ದಿನ ಅವಳು ಗದ್ದೆಗೇ ಇಳಿಯಲಿಲ್ಲ. ಕೊಯ್ಲಿನ ಹೊತ್ತು, ಎಲ್ಲವನ್ನೂ ನನ್ನ ಮೇಲೆ ಬಿಟ್ಟು ಜಗಲಿಯಲ್ಲಿ ಕೂತಿದ್ದಳು. ಭುಜದ ನೋವು ಜಾಸ್ತಿಯಾಗಿದೆ ಎಂದುಕೊಂಡೆ. ಅತ್ತೆಯಂದಿರೆಲ್ಲ ಹೀಗೇ ಇರಬೇಕು ಎಂದೂ ಅಂದುಕೊಂಡೆ. ಎಣಿಸುವುದು ಗೊತ್ತಿದ್ದೂ ನಾನು ಆ ಹದಿನೈದು ದಿನಗಳನ್ನು ಎಣಿಸಲಿಲ್ಲ.

ದಿನ ತುಂಬಿ ಹೆಣ್ಣುಮಗು ಹುಟ್ಟಿತು. ಕೂಸೂ ತಾಯಿಯೂ ಚೆನ್ನಾಗಿದ್ದರು. ಇದರಿಂದ ಏನೂ ಸಾಬೀತಾಗುವುದಿಲ್ಲ, ನನ್ನ ವಾದವೂ ಇಲ್ಲ, ಅವ್ವನ ಭಯ ಸುಳ್ಳೆಂದೂ ಇಲ್ಲ.

ನಮ್ಮ ಮನೆತನದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಒರಳಿನ ಗುಂಡನ್ನು ಹಾಕುತ್ತಾರೆ. ಗುಂಡಿಗೆ ಎಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಅರಿಶಿನ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಕೂಸಿನಂತೆಯೇ ಮಲಗಿಸಿ ಎರಡು ಸಲ ತೂಗಿ ತೆಗೆಯುತ್ತಾರೆ. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಆ ಬೆಳಿಗ್ಗೆ ಅವ್ವ ಹಿಂಬಾಗಿಲಲ್ಲಿ ಕೂತು, ಗುಂಡನ್ನು ಕಾಲ ಮೇಲೆ ಇಟ್ಟುಕೊಂಡು ಸ್ನಾನ ಮಾಡಿಸುತ್ತಿದ್ದಳು. ನಾಲ್ಕು ತಿಂಗಳಿನಲ್ಲಿ ಉಳಿಯ ಗುಳಿಗಳು ಆಗಲೇ ಸ್ವಲ್ಪ ಸವೆದಿದ್ದವು. ತೆಂಗಿನ ನಾರು ಬಿಟ್ಟು ಬರಿಯ ಬೆರಳಿನಿಂದ ಅವುಗಳೊಳಗಿನ ಹಳೆಯ ಖಾರವನ್ನು ತೆಗೆಯುತ್ತಿದ್ದಳು. ನಾನು ಬಿಸಿನೀರು ಹುಯ್ಯುತ್ತಿದ್ದೆ.

"ಅವತ್ತು ಬಿಂದಿಗೆ ಎರಡೂ ಇಲ್ಲೇ ಬೋರಲು ಹಾಕಿದ್ವು" ಎಂದಳು.

ಯಾವತ್ತು ಎಂದು ಕೇಳಿದೆ.

"ನೀನು ಕಲ್ಲು ಕೆದರಿದ ದಿನ. ಬಿಂದಿಗೆ ಇಲ್ದೆ ನಿನ್ನ ಹೆಂಡ್ತಿ ಹೊಳೆಗೆ ಯಾಕೆ ಹೋದ್ಲು? ಬೊಗಸೇಲಿ ನೀರು ತರಕ್ಕಾ?"

ಚೊಂಬು ನನ್ನ ಕೈಯಲ್ಲೇ ನಿಂತಿತು. ಅಡುಗೆಮನೆಯ ಸುತ್ತ ಅವಳು ಕಣ್ಣಾಡಿಸಿದ್ದು, ಆ ಹದಿನೈದು ದಿನ, ದಿನವೂ ಬೆಳಗಿನ ಆ ಒಂದು ಪ್ರಶ್ನೆ, ಎಲ್ಲ ಒಟ್ಟಿಗೆ ಅರ್ಥವಾಯಿತು.

"ಅವಳು ಕೇಳಿಸ್ಕೊಂಡಿದ್ಲು ಅಂತ ಗೊತ್ತಿದ್ದೂ ಮತ್ಯಾಕೆ ಅವ್ವ, ನಮ್ಮನ್ನ ಅಷ್ಟು ದೂರ ಅಟ್ಟಿದ್ದು?"

"ಅವಳಿಗೆ ಹೆದ್ರಿಕೆ ಇತ್ತಲ್ಲ. ನಂಗೆ ಗೊತ್ತಿಲ್ಲ ಅಂದ್ಕೊಂಡೇ ಅವಳು ಇರ್ಲಿ ಅಂತ." ಗುಂಡನ್ನು ಮಗ್ಗುಲು ಬದಲಿಸಿದಳು. "ಹೆದರೋದಕ್ಕೆ ಮನೇಲಿ ಒಬ್ರು ಸಾಲ್ದಾ? ನೀರು ಹುಯ್ಯಿ."

ಹುಯ್ದೆ. ಅವಳು ಗುಂಡನ್ನು ಹಳೆಯ ಸೀರೆಯ ತುಂಡಿನಲ್ಲಿ ಒರೆಸಿ, ಅರಿಶಿನ ಹಚ್ಚಿ, ಕೆಂಪು ಬಟ್ಟೆಯಲ್ಲಿ ಸುತ್ತಿದಳು. ಎತ್ತಲು ಹೋದಾಗ ಭುಜ ಹಿಡಿಯಿತು. ನನಗೆ ಕೊಟ್ಟಳು.

"ಹಂಗಲ್ಲ. ತಲೆ ಕೆಳಗೆ ಒಂದು ಕೈ ಕೊಡು."

ಕಲ್ಲಿಗೆ ತಲೆ ಯಾವುದು ಎಂದು ನಾನು ಕೇಳಲಿಲ್ಲ. ಒಂದು ಕೈಯನ್ನು ಮೇಲಕ್ಕೆ ಸರಿಸಿ ಹಿಡಿದುಕೊಂಡು ಒಳಗೆ ಹೋದೆ. ತೊಟ್ಟಿಲಲ್ಲಿ ಮಲಗಿಸಿದ್ದು ನಾನೋ, ನನ್ನ ಕೈಯಿಂದ ತೆಗೆದುಕೊಂಡು ಹೆಂಡತಿಯೋ ಎಂಬುದರ ಬಗ್ಗೆ ನಮ್ಮಿಬ್ಬರಲ್ಲಿ ಈಗಲೂ ಒಮ್ಮತವಿಲ್ಲ. ಕಲ್ಲು ಬೆಚ್ಚಗಿತ್ತು. ಅದನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ.